ತಲೆನೋವಿನ ಮೂಲ ಪತ್ತೆ ಮಾಡುವ ಕ್ರಮ: ಮನೆಮಂದಿಗೊಂದು ದೋಷ ನಿವಾರಣೆ ಕೈಪಿಡಿ

ತಲೆ ನೋಯುತ್ತಿದೆ ಎಂದು ಯಾರಾದರೂ ಹೇಳಿದೊಡನೆ ನಮ್ಮ ಮನೆಗಳಲ್ಲಿ ಕೇಳುವ ಪ್ರಶ್ನೆ ಎರಡೇ: ಎಲ್ಲಿ ನೋಯುತ್ತಿದೆ, ಮಾತ್ರೆ ತೆಗೆದುಕೊಂಡೆಯಾ. ಈ ಎರಡರ ಉತ್ತರದಿಂದ ಮೂಲ ಸಿಗುವುದು ಅಪರೂಪ. ನೋವು ಎಷ್ಟು ಬೇಗ ಏರಿತು, ಎಷ್ಟು ಗಂಟೆ ಇತ್ತು, ನೋವಿದ್ದಾಗ ಆ ವ್ಯಕ್ತಿ ಕತ್ತಲಲ್ಲಿ ಮಲಗಲು ಬಯಸುತ್ತಾರೋ ಅಥವಾ ಕೂತಲ್ಲಿ ಕೂರಲಾರದೆ ಓಡಾಡುತ್ತಾರೋ, ತಿಂಗಳಲ್ಲಿ ಎಷ್ಟು ದಿನ ಮಾತ್ರೆ ನುಂಗುತ್ತಿದ್ದಾರೆ, ಈ ನಾಲ್ಕು ಸಂಗತಿ ಸರಿಯಾಗಿ ತಿಳಿದರೆ ಬಹುಪಾಲು ತಲೆನೋವುಗಳ ಬಗೆ ಯಾವ ಸ್ಕ್ಯಾನೂ ಇಲ್ಲದೆ ಗೊತ್ತಾಗುತ್ತದೆ.

ಜಾಗವನ್ನು ನೆಚ್ಚಿಕೊಳ್ಳಬಾರದು ಎನ್ನಲು ಕಾರಣವಿದೆ. ಮಿದುಳಿನ ಅಂಗಾಂಶಕ್ಕೆ ನೋವಿನ ಅರಿವಿಲ್ಲ. ಅದನ್ನು ಹೊದ್ದ ಪೊರೆಗಳು, ರಕ್ತನಾಳಗಳು, ತಲೆ ಮತ್ತು ಕುತ್ತಿಗೆಯ ಸ್ನಾಯುಗಳು ನೋವನ್ನು ತಿಳಿಸುತ್ತವೆ. ಆ ಸುದ್ದಿಯನ್ನು ಒಯ್ಯುವ ಟ್ರೈಜೆಮಿನಲ್ ನರದ ಕವಲುಗಳು ಹಣೆ, ಕಣ್ಣು, ಮೂಗು, ದವಡೆಗಳಿಗೂ ಹರಡಿವೆ, ಮತ್ತು ಕುತ್ತಿಗೆಯ ಮೇಲ್ಭಾಗದ ನರಗಳು ಮಿದುಳಿನ ಬುಡದಲ್ಲಿ ಅದೇ ಕೇಂದ್ರಕ್ಕೆ ಬಂದು ಸೇರುತ್ತವೆ. ಹೀಗಾಗಿ ಮೈಗ್ರೇನ್, ಅಂದರೆ ಅರೆತಲೆನೋವು ಇರುವವರಿಗೆ ಕುತ್ತಿಗೆ ಬಿಗಿಯುತ್ತದೆ, ಕೆನ್ನೆ ಭಾರವಾಗುತ್ತದೆ, ಮೂಗು ಕಟ್ಟುತ್ತದೆ. ಅವರು ಮೂಳೆಯ ವೈದ್ಯರಿಂದ ಮೂಗಿನ ವೈದ್ಯರಿಗೆ, ಅಲ್ಲಿಂದ ಕನ್ನಡಕದ ಅಂಗಡಿಗೆ ವರ್ಷಗಟ್ಟಲೆ ಅಲೆಯುತ್ತಾರೆ.

ಮೊದಲ ತಪಾಸಣೆ: ಕಾಯಬಾರದ ನೋವು

ಬಗೆ ಹುಡುಕುವ ಮೊದಲು ಅಪಾಯದ ಗುರುತುಗಳಿವೆಯೇ ಎಂದು ನೋಡಬೇಕು. ಸಿಡಿಲು ಬಡಿದಂತೆ ಒಂದು ನಿಮಿಷದೊಳಗೆ ಶಿಖರಕ್ಕೇರಿದ ನೋವು, ಹಿಂದೆಂದೂ ಕಾಣದಷ್ಟು ತೀವ್ರವಾಗಿದ್ದರೆ, ಮಿದುಳಿನ ಸುತ್ತ ರಕ್ತಸ್ರಾವವಾಗಿರುವ ಸಾಧ್ಯತೆಯನ್ನು ಹೇಳುತ್ತದೆ. ಇಲ್ಲಿ ಮಾತ್ರೆ ಕೊಟ್ಟು ಕಾದು ನೋಡುವಂತಿಲ್ಲ. 108ಕ್ಕೆ ಕರೆ ಮಾಡಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು, ಏಕೆಂದರೆ ಮೊದಲ 6 ಗಂಟೆಗಳೊಳಗೆ ತೆಗೆದ ಸ್ಕ್ಯಾನ್ ಇಂಥ ರಕ್ತಸ್ರಾವವನ್ನು ತಪ್ಪಿಸಿಕೊಳ್ಳುವುದು ಬಲು ವಿರಳ, ಹೊತ್ತು ಕಳೆದಂತೆ ಅದರ ಖಚಿತತೆ ಇಳಿಯುತ್ತದೆ. ತಲೆನೋವಿನೊಂದಿಗೆ ಬಾಯಿ ಒಂದು ಕಡೆಗೆ ಎಳೆದಿದ್ದರೆ, ಎರಡೂ ಕೈ ಮುಂದಕ್ಕೆ ಚಾಚಿ ಹಿಡಿಯಲು ಹೇಳಿದಾಗ ಒಂದು ಕೈ ಕೆಳಗೆ ಜಾರಿದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಅರಿವು ಮಂಕಾದರೆ ಇದೇ ಮಾತು ಅನ್ವಯಿಸುತ್ತದೆ.

ಜ್ವರ ಮತ್ತು ತಲೆನೋವು ಜೊತೆಯಾಗಿ ಬಂದಾಗ ಗಲ್ಲವನ್ನು ಎದೆಗೆ ತಾಗಿಸಲು ಹೇಳಿ. ಫ್ಲೂ ಬಂದವರು ನೋವೆನ್ನುತ್ತಲಾದರೂ ಬಗ್ಗಿಸುತ್ತಾರೆ. ಮಿದುಳಿನ ಪೊರೆಯ ಉರಿಯೂತವಿದ್ದರೆ ಕುತ್ತಿಗೆ ಮರಗಟ್ಟಿದಂತೆ ನಿಂತುಬಿಡುವುದುಂಟು. ಕುತ್ತಿಗೆ ಬಗ್ಗಿತೆಂದ ಮಾತ್ರಕ್ಕೆ ನಿಶ್ಚಿಂತರಾಗುವಂತೆಯೂ ಇಲ್ಲ, ಮಂಪರು ಅಥವಾ ನಿಲ್ಲದ ವಾಂತಿ ಇದ್ದರೆ ವೈದ್ಯರು ನೋಡಲೇಬೇಕು. ವಾರಗಟ್ಟಲೆ ಸಣ್ಣ ಜ್ವರ, ಏರುತ್ತಲೇ ಇರುವ ತಲೆನೋವು, ತೂಕ ಇಳಿಕೆ ಕಂಡರೆ ಕ್ಷಯದಿಂದ ಬರುವ ಪೊರೆಯುರಿತದ ಶಂಕೆ ಇರಬೇಕು; ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ. ಮಳೆಗಾಲದಲ್ಲಿ ಕಣ್ಣಿನ ಹಿಂಭಾಗದ ನೋವಿನೊಂದಿಗೆ ಬರುವ ಜ್ವರ ಡೆಂಗಿಯಾಗಿರಬಹುದಾದ್ದರಿಂದ, ಅಲ್ಲವೆಂದು ಖಚಿತವಾಗುವ ತನಕ ಪ್ಯಾರಸಿಟಮಾಲ್ ಮಾತ್ರ ಕೊಡಬೇಕು. ಐಬುಪ್ರೊಫೆನ್, ಡೈಕ್ಲೊಫಿನಾಕ್, ಆಸ್ಪಿರಿನ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ.

ಐವತ್ತು ದಾಟಿದವರಲ್ಲಿ ಮೊದಲ ಬಾರಿಗೆ ಶುರುವಾದ ತಲೆನೋವಿಗೆ ಮೈಗ್ರೇನ್ ಎಂಬ ಹೆಸರು ಕೊಡಲು ಅವಸರ ಬೇಡ. ಕಣತಲೆಯ ರಕ್ತನಾಳ ದಪ್ಪಗಾಗಿ ಮುಟ್ಟಿದರೆ ನೋಯುತ್ತಿದ್ದು, ಅಗಿಯುವಾಗ ದವಡೆ ಸೋಲುತ್ತಿದ್ದರೆ, ಅದು ಧಮನಿಯ ಉರಿಯೂತವಾಗಿರಬಹುದು. ಚಿಕಿತ್ಸೆ ತಡವಾದರೆ ದೃಷ್ಟಿ ಶಾಶ್ವತವಾಗಿ ಹೋಗುತ್ತದೆ, ಸ್ಟೀರಾಯ್ಡ್ ಬೇಗ ಸಿಕ್ಕರೆ ಉಳಿಯುತ್ತದೆ. ರಕ್ತ ತೆಳುಗೊಳಿಸುವ ಮಾತ್ರೆ ನುಂಗುವ ಹಿರಿಯರು ಬಚ್ಚಲಲ್ಲಿ ಜಾರಿ ತಲೆ ತಗುಲಿಸಿಕೊಂಡು, ಏನೂ ಆಗಿಲ್ಲವೆಂದು ಎದ್ದು ಹೋಗಿ, ಕೆಲವು ವಾರಗಳ ನಂತರ ತಲೆನೋವು, ಮರೆವು, ಹೆಜ್ಜೆ ತಪ್ಪುವಿಕೆಯೊಂದಿಗೆ ಬರುವುದುಂಟು. ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಕಟ್ಟಿಕೊಂಡಾಗ ಹೀಗಾಗುತ್ತದೆ. ಒಂದು ಕಣ್ಣು ಕೆಂಪಾಗಿ, ದೃಷ್ಟಿ ಮಬ್ಬಾಗಿ, ದೀಪದ ಸುತ್ತ ಬಣ್ಣದ ವರ್ತುಲ ಕಾಣುತ್ತಾ ವಾಂತಿಯಾದರೆ ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ) ಇರಬಹುದು, ಅಂದೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು.

ಗರ್ಭಿಣಿ ಮತ್ತು ಬಾಣಂತಿಯ ತಲೆನೋವಿನ ಬಗ್ಗೆ ಹೆಚ್ಚು ಹೇಳಬೇಕಿದೆ. 20 ವಾರ ಕಳೆದ ಗರ್ಭಿಣಿಗೆ ತಲೆನೋವು ಬಂದರೆ ಮೊದಲು ಆಗಬೇಕಾದದ್ದು ರಕ್ತದೊತ್ತಡದ ಅಳತೆ. 140/90 ಅಥವಾ ಅದಕ್ಕೂ ಹೆಚ್ಚಿದ್ದರೆ ಅದೇ ದಿನ ಹೆರಿಗೆ ಆಸ್ಪತ್ರೆಗೆ ಹೋಗಬೇಕು. ಹೆರಿಗೆಯ ನಂತರದ ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚಿರುತ್ತದೆ. ಬಾಣಂತಿಗೆ ನೀರು ಕೊಟ್ಟರೆ ಶೀತವಾಗುತ್ತದೆ, ಹೊಟ್ಟೆ ಬರುತ್ತದೆ ಎಂದು ಲೋಟ ಅಳೆದು ಕೊಡುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ. ಮೈಯಲ್ಲಿ ನೀರು ಕಡಿಮೆಯಾದಾಗ ಮಿದುಳಿನ ಅಭಿಧಮನಿಗಳಲ್ಲಿ ಹೆಪ್ಪುಗಟ್ಟುವ ಅಪಾಯ ಮತ್ತಷ್ಟು ಏರುತ್ತದೆ. ದಯವಿಟ್ಟು ಬಾಣಂತಿಗೆ ಬಾಯಾರಿದಷ್ಟು ನೀರು ಕೊಡಿ, ಅವಳಿಗೆ ದಿನದಿಂದ ದಿನಕ್ಕೆ ಏರುವ ತಲೆನೋವು ಬಂದರೆ ತಲೆಗೆ ಗಾಳಿ ಹೊಕ್ಕಿದೆ ಎಂದು ಬಟ್ಟೆ ಬಿಗಿದು ಕೂರಿಸಬೇಡಿ. ಬೆನ್ನಿಗೆ ಅರಿವಳಿಕೆ ಚುಚ್ಚಿಸಿಕೊಂಡು ಸಿಸೇರಿಯನ್ ಆದವಳಿಗೆ ಎದ್ದು ಕೂತೊಡನೆ ತಲೆ ಸಿಡಿದು, ಮಲಗಿದೊಡನೆ ಇಳಿದರೆ ಅದರ ಮೂಲ ಬೇರೆ: ಚುಚ್ಚಿದ ಜಾಗದಿಂದ ಬೆನ್ನುಹುರಿಯ ದ್ರವ ಸೋರುತ್ತಿರುತ್ತದೆ. ಅರಿವಳಿಕೆ ತಜ್ಞರು ಇದನ್ನು ಸರಿಪಡಿಸಬಲ್ಲರು.

ಇನ್ನೊಂದು ಮೂಲ ದೇಹದ ಹೊರಗಿದೆ. ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಇದ್ದು, ಕಿಟಕಿ ಮುಚ್ಚಿ ಸ್ನಾನ ಮಾಡಿದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ, ಅಥವಾ ಮನೆಯ ಹಲವರಿಗೆ ಏಕಕಾಲದಲ್ಲಿ ತಲೆನೋವು ಬಂದು ಹೊರಗಿನ ಗಾಳಿಗೆ ಹೋದಾಗ ಇಳಿದರೆ, ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ಶಂಕಿಸಬೇಕು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೂಡಲೇ ಎಲ್ಲರೂ ಹೊರಗೆ ಬಂದು ಆಸ್ಪತ್ರೆಗೆ ಹೋಗಬೇಕು, ಗೀಸರನ್ನು ಬಚ್ಚಲಿನಿಂದ ಹೊರಗೆ ಕೂರಿಸುವವರೆಗೆ ಬಳಸಬಾರದು. ಬಾಗಿಲು ತಟ್ಟಿದಾಗ ಉತ್ತರ ಬರದೆ ಒಡೆದು ನೋಡಿದ ಸುದ್ದಿಗಳನ್ನು ನಾವು ಪ್ರತಿ ಚಳಿಗಾಲದಲ್ಲೂ ಓದುತ್ತೇವೆ.

ಬಂದು ಹೋಗುವ ನೋವು: ಮೈಗ್ರೇನ್

ಮೇಲಿನ ಯಾವ ಗುರುತೂ ಇಲ್ಲದೆ, ತಿಂಗಳಿಗೆ ಒಂದೆರಡು ಬಾರಿ ಬಂದು, ಕೆಲಸ ಕೆಡಿಸಿ, ತಾನಾಗಿ ಹೋಗಿ, ನಡುವಿನ ದಿನಗಳಲ್ಲಿ ಪೂರ್ತಿ ಆರಾಮವಾಗಿರುವ ನೋವನ್ನು ಮೈಗ್ರೇನ್ ಎಂದೇ ಮೊದಲು ಭಾವಿಸಿ ಪರೀಕ್ಷಿಸುವುದು ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯಲ್ಲಿ ವರ್ಷವೊಂದರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬ ವಯಸ್ಕರಿಗೆ ಮೈಗ್ರೇನ್ ಇದ್ದುದು ಕಂಡುಬಂತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇಷ್ಟು ಸಾಮಾನ್ಯವಾದ ಕಾಯಿಲೆಗೆ ಇಷ್ಟು ಕಡಿಮೆ ಜನ ಸರಿಯಾದ ಚಿಕಿತ್ಸೆ ಪಡೆಯುತ್ತಿರುವುದು ನನಗೆ ನೋವಿನ ಸಂಗತಿಯಾಗಿ ಕಾಣುತ್ತದೆ.

ಅಂತರರಾಷ್ಟ್ರೀಯ ತಲೆನೋವು ಸಂಘದ 2018ರ ವರ್ಗೀಕರಣದ ಪ್ರಕಾರ, ಚಿಕಿತ್ಸೆ ಇಲ್ಲದಿದ್ದರೆ ಮೈಗ್ರೇನ್ 4ರಿಂದ 72 ಗಂಟೆ ಇರುತ್ತದೆ. ಒಂದು ಪಕ್ಕಕ್ಕೆ ಬರುವುದು, ನಾಡಿ ಬಡಿದಂತೆ ಮಿಡಿಯುವುದು, ಮಧ್ಯಮದಿಂದ ತೀವ್ರವಾಗಿರುವುದು, ಮೆಟ್ಟಿಲು ಹತ್ತುವಂಥ ದಿನನಿತ್ಯದ ಚಟುವಟಿಕೆಯಿಂದ ಹೆಚ್ಚಾಗುವುದು, ಇವುಗಳಲ್ಲಿ ಎರಡಾದರೂ ಇರಬೇಕು. ಜೊತೆಗೆ ವಾಕರಿಕೆ ಅಥವಾ ವಾಂತಿ, ಇಲ್ಲವೇ ಬೆಳಕು ಮತ್ತು ಶಬ್ದ ಎರಡನ್ನೂ ಸಹಿಸಲಾಗದ ಸ್ಥಿತಿ ಇರಬೇಕು. ಇಂಥ ಐದು ಸರದಿಯಾದರೂ ಬಂದಿರಬೇಕು. ಎರಡೂ ಪಕ್ಕ ನೋಯುತ್ತದೆ ಎಂಬ ಒಂದೇ ಕಾರಣಕ್ಕೆ ಇದು ಅರೆತಲೆನೋವಲ್ಲ ಎಂದು ತಳ್ಳಿಹಾಕುವುದು ತಪ್ಪು. ಕೆಲವರಿಗೆ ನೋವಿಗೆ ಮುನ್ನ ಕಣ್ಣೆದುರು ಅಂಕುಡೊಂಕಾದ ಹೊಳೆಯುವ ಗೆರೆ ನಿಧಾನವಾಗಿ ಹರಡಿ, 5ರಿಂದ 60 ನಿಮಿಷದಲ್ಲಿ ಮಾಯವಾಗುತ್ತದೆ. ಇದಕ್ಕೆ ಆರಾ ಎನ್ನುತ್ತಾರೆ. ಆರಾ ಇರುವ ಮಹಿಳೆಯರು ಈಸ್ಟ್ರೋಜನ್ ಸೇರಿದ ಗರ್ಭನಿರೋಧಕ ಗುಳಿಗೆ ನುಂಗಿದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುವುದರಿಂದ, ವೈದ್ಯರಿಗೆ ಈ ಗೆರೆಗಳ ವಿಷಯ ಹೇಳಲೇಬೇಕು.

ಪಿತ್ತದ ತಲೆನೋವು ಎಂದು ನಮ್ಮಲ್ಲಿ ಕರೆಯುವುದರ ಬಹುಭಾಗ ಇದೇ. ಬೆಳಗ್ಗೆ ತಿಂಡಿ ತಡವಾಯಿತು, ಬಿಸಿಲಲ್ಲಿ ಬಸ್ಸಿಗೆ ಕಾದರು, ತಲೆ ಸಿಡಿಯಿತು, ಹಳದಿ ನೀರು ವಾಂತಿಯಾಯಿತು, ಮಲಗಿ ಎದ್ದ ಮೇಲೆ ಇಳಿಯಿತು ಎಂಬ ವಿವರಣೆ ಕೇಳಿದಾಗ, ಪಿತ್ತ ಏರಿ ತಲೆನೋವು ಬಂತು ಎಂದು ಮನೆಯವರು ತೀರ್ಮಾನಿಸುತ್ತಾರೆ. ವಾಂತಿ ಇಲ್ಲಿ ಮೈಗ್ರೇನಿನ ಭಾಗವೇ ಹೊರತು ಮೂಲವಲ್ಲ. ಹೊಟ್ಟೆಯಲ್ಲಿ ಬೇರೇನೂ ಇಲ್ಲದಿರುವಾಗ ವಾಂತಿಯಲ್ಲಿ ಹೊರಬರುವುದು ಪಿತ್ತರಸವೇ. ಸೈನಸ್ ಎಂಬ ಹಣೆಪಟ್ಟಿಯದೂ ಇದೇ ಕಥೆ. ತಮಗೆ ಸೈನಸ್ ತಲೆನೋವು ಎಂದು ಹೇಳಿಕೊಂಡ ಸುಮಾರು 3,000 ಜನರನ್ನು ಪರೀಕ್ಷಿಸಿ 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ 88 ಶೇಕಡಾ ಜನರ ಲಕ್ಷಣಗಳು ಮೈಗ್ರೇನ್ ಬಗೆಯವಾಗಿದ್ದವು. ಮೂಗಿನಿಂದ ಹಸಿರು ಅಥವಾ ಹಳದಿ ಗಟ್ಟಿ ಸಿಂಬಳ, ಜ್ವರ, ವಾಸನೆ ತಿಳಿಯುವುದು ಕಡಿಮೆಯಾಗುವುದು ಇದ್ದರೆ ಸೈನಸ್ ಸೋಂಕಿನ ಮಾತು ಸರಿ. ಅವು ಇಲ್ಲದೆ, ವಾಕರಿಕೆ ಇದ್ದು, ಬೆಳಕು ಚುಚ್ಚುತ್ತಿದ್ದರೆ ಆಂಟಿಬಯಾಟಿಕ್ ನುಂಗಿ ಪ್ರಯೋಜನವಿಲ್ಲ.

ಸರದಿಯನ್ನು ಕೆರಳಿಸುವ ಸಂಗತಿಗಳು ಒಬ್ಬೊಬ್ಬರಿಗೆ ಒಂದೊಂದು: ಊಟ ತಪ್ಪುವುದು, ನಿದ್ದೆ ಕಡಿಮೆಯಾಗುವುದು ಅಥವಾ ಅತಿಯಾಗುವುದು, ಬಿಸಿಲು, ಸುಗಂಧದ ಘಾಟು, ಮುಟ್ಟಿನ ಹಿಂದುಮುಂದಿನ ದಿನಗಳು. ಭಾರತದ ವೈದ್ಯರು ದಾಖಲಿಸಿದ ಒಂದು ಕಾರಣ ನಮ್ಮ ಮನೆಗಳಿಗೆ ಚೆನ್ನಾಗಿ ಪರಿಚಿತವಾದದ್ದು, ಅದು ತಲೆಸ್ನಾನ. ಉದ್ದ ಕೂದಲು ಒದ್ದೆಯಾಗಿಯೇ ಗಂಟೆಗಟ್ಟಲೆ ಉಳಿದರೆ ಕೆಲವರಿಗೆ ಸರದಿ ಬರುತ್ತದೆ. ಅಂಥವರು ಉಪವಾಸದ ದಿನವೇ ತಲೆಗೆ ನೀರು ಹಾಕಿಕೊಳ್ಳದೆ, ಕೂದಲನ್ನು ಬೇಗ ಒಣಗಿಸಿಕೊಳ್ಳುವುದು ಒಳ್ಳೆಯದು. ಕಾಫಿಯ ವಿಷಯವೂ ಹೀಗೆಯೇ ಸೂಕ್ಷ್ಮವಾದದ್ದು. ದಿನಕ್ಕೆ ಮೂರು ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯುವವರು ಏಕಾದಶಿಗೋ ರಕ್ತಪರೀಕ್ಷೆಗೋ ಕಾಫಿ ಬಿಟ್ಟರೆ, 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ. ಒಮ್ಮೆಲೇ ನಿಲ್ಲಿಸದೆ ವಾರಗಳ ಅವಧಿಯಲ್ಲಿ ಇಳಿಸಿದರೆ ಇದು ಬರುವುದಿಲ್ಲ.

ಚಿಕಿತ್ಸೆಯಲ್ಲಿ ಎರಡು ಭಾಗಗಳಿವೆ. ಸರದಿ ಬಂದಾಗ ನುಂಗುವ ಮಾತ್ರೆಯನ್ನು ನೋವು ಇನ್ನೂ ಸಣ್ಣದಿರುವಾಗಲೇ, ಸಾಕಷ್ಟು ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು. ತಡವಾದರೆ ಹೊಟ್ಟೆಯ ಚಲನೆ ಮಂದವಾಗಿ ಮಾತ್ರೆ ರಕ್ತಕ್ಕೆ ಸೇರುವುದೇ ನಿಧಾನವಾಗುತ್ತದೆ. ವಯಸ್ಕರಿಗೆ ಪ್ಯಾರಸಿಟಮಾಲ್ 1,000 ಮಿಲಿಗ್ರಾಂ, ಅಥವಾ ಊಟದ ನಂತರ ಐಬುಪ್ರೊಫೆನ್ 400 ಮಿಲಿಗ್ರಾಂ ಹಲವರಿಗೆ ಸಾಕಾಗುತ್ತದೆ, ವಾಕರಿಕೆಗೆ ವೈದ್ಯರು ಡಾಂಪೆರಿಡೋನ್‌ನಂಥದ್ದನ್ನು ಜೊತೆಗೆ ಬರೆಯುತ್ತಾರೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರಿಗೆ ಐಬುಪ್ರೊಫೆನ್ ಬೇಡ. ಗರ್ಭಿಣಿಯರು ಯಾವ ಮಾತ್ರೆಯನ್ನೂ ವೈದ್ಯರನ್ನು ಕೇಳಿಯೇ ನುಂಗಬೇಕು. 16 ವರ್ಷದೊಳಗಿನವರಿಗೆ ಆಸ್ಪಿರಿನ್ ಕೊಡಬಾರದು. ಇವುಗಳಿಂದ ಇಳಿಯದಿದ್ದರೆ ಸುಮಾಟ್ರಿಪ್ಟಾನ್, ರೈಜಾಟ್ರಿಪ್ಟಾನ್ ಮೊದಲಾದ ಟ್ರಿಪ್ಟಾನ್ ಎಂಬ ಮೈಗ್ರೇನ್ ಔಷಧಿಗಳಿವೆ. ಹೃದ್ರೋಗ, ಪಾರ್ಶ್ವವಾಯು, ಹತೋಟಿಗೆ ಬಾರದ ರಕ್ತದೊತ್ತಡ ಇರುವವರಿಗೆ ಅವು ಸಲ್ಲ.

ತಿಂಗಳಿಗೆ ನಾಲ್ಕು ದಿನಕ್ಕಿಂತ ಹೆಚ್ಚು ಕೆಲಸ ಕೆಡುತ್ತಿದ್ದರೆ ಸರದಿ ಬರದಂತೆ ತಡೆಯುವ ಔಷಧಿಯ ಬಗ್ಗೆ ವೈದ್ಯರೊಂದಿಗೆ ಮಾತಾಡಬೇಕು. ಇಂಥ ಔಷಧಿಗಳು ಹಲವಿವೆ: ಪ್ರೊಪ್ರನೊಲಾಲ್ ಆಸ್ತಮಾ ಇರುವವರಿಗೆ ಆಗದು. ಅಮಿಟ್ರಿಪ್ಟಿಲಿನ್ ರಾತ್ರಿ ಸಣ್ಣ ಪ್ರಮಾಣದಲ್ಲಿ ಶುರುವಾಗುತ್ತದೆ, ಬಾಯಿ ಒಣಗುತ್ತದೆ. ಫ್ಲುನರಿಜಿನ್‌ನಿಂದ ತೂಕ ಏರಬಹುದು, ಮನಸ್ಸು ಕುಗ್ಗಬಹುದು. ಟೊಪಿರಾಮೇಟ್ ಮತ್ತು ವ್ಯಾಲ್ಪ್ರೊಯೇಟ್ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡುತ್ತವೆ. ಇವು ನೋವು ನಿವಾರಕಗಳಲ್ಲ, ಪ್ರತಿದಿನ ನುಂಗಿದ ಮೇಲೆ ಪೂರ್ಣ ಪರಿಣಾಮ ಕಾಣಲು 8ರಿಂದ 12 ವಾರ ಬೇಕು. ಹತ್ತು ದಿನ ನುಂಗಿ ಏನೂ ಆಗಲಿಲ್ಲವೆಂದು ಬಿಟ್ಟವರಿಗೆ ಈ ಮಾತನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟೋ ವರ್ಷಗಳ ನರಳಾಟ ತಪ್ಪುತ್ತಿತ್ತು.

ಬಿಗಿಪಟ್ಟಿಯ ನೋವು, ಮತ್ತು ಕಣ್ಣಿನ ಸುತ್ತ ಕೊರೆಯುವ ನೋವು

ಹಣೆಯ ಸುತ್ತ ಪಟ್ಟಿ ಬಿಗಿದಂತೆ, ಎರಡೂ ಪಕ್ಕಕ್ಕೆ, ಮಿಡಿತವಿಲ್ಲದೆ ಒತ್ತುವ ನೋವು ಬಂದು, ನಡೆದಾಡಿದರೆ ಹೆಚ್ಚಾಗದೆ, ವಾಂತಿಯೂ ಇಲ್ಲದಿದ್ದರೆ ಅದು ಟೆನ್ಷನ್ ತಲೆನೋವು. ಅರ್ಧ ಗಂಟೆಯಿಂದ 7 ದಿನದವರೆಗೂ ಇರಬಹುದು. ಹೆಸರಿನಲ್ಲಿ ಟೆನ್ಷನ್ ಇದ್ದರೂ ಚಿಂತೆಯೊಂದೇ ಕಾರಣವಲ್ಲ. ಕುತ್ತಿಗೆ ಬಗ್ಗಿಸಿ ಗಂಟೆಗಟ್ಟಲೆ ಮೊಬೈಲ್ ನೋಡುವುದು, ನಿದ್ದೆ ಕೆಡುವುದು ಸಹ ಸೇರಿಕೊಳ್ಳುತ್ತವೆ. ಅಪರೂಪಕ್ಕೆ ಬಂದರೆ ಪ್ಯಾರಸಿಟಮಾಲ್ ಸಾಕು. ಹಣೆಗೆ ಬಾಮು, ಒಣಶುಂಠಿ ತೇಯ್ದು ಹಾಕುವ ಪಟ್ಟು, ಹಿತವಾದ ತಲೆ ನೀವುವಿಕೆ ಆರಾಮ ಕೊಟ್ಟರೆ ಧಾರಾಳವಾಗಿ ಮಾಡಬಹುದು, ಚರ್ಮ ಉರಿಯದಂತೆ ನೋಡಿಕೊಂಡರೆ ಆಯಿತು. ದಿನವೂ ಬರುವಂತಾದರೆ ಅಮಿಟ್ರಿಪ್ಟಿಲಿನ್ ಮತ್ತು ಕುತ್ತಿಗೆಯ ವ್ಯಾಯಾಮ ಉಪಯೋಗಕ್ಕೆ ಬರುತ್ತವೆ.

ಕ್ಲಸ್ಟರ್ ತಲೆನೋವು ವಿರಳ, ಆದರೆ ಮನುಷ್ಯರು ಅನುಭವಿಸುವ ಅತ್ಯಂತ ಕ್ರೂರ ನೋವುಗಳಲ್ಲಿ ಒಂದು. ಒಂದೇ ಕಣ್ಣಿನ ಸುತ್ತ ಕೊರೆದಂತೆ ಬಂದು 15ರಿಂದ 180 ನಿಮಿಷ ಇರುತ್ತದೆ, ದಿನಕ್ಕೆ ಹಲವು ಬಾರಿ ಮರಳಬಹುದು, ಎಷ್ಟೋ ಜನರಿಗೆ ರಾತ್ರಿ ಅದೇ ಹೊತ್ತಿಗೆ ಎಬ್ಬಿಸುತ್ತದೆ. ಆ ಪಕ್ಕದ ಕಣ್ಣು ಕೆಂಪಾಗಿ ನೀರು ಸುರಿಯುತ್ತದೆ, ಮೂಗು ಕಟ್ಟುತ್ತದೆ, ರೆಪ್ಪೆ ಇಳಿಬೀಳುತ್ತದೆ. ಮೈಗ್ರೇನ್ ಬಂದವರು ಅಲುಗಾಡದೆ ಮಲಗಿದರೆ, ಇವರು ಎದ್ದು ಓಡಾಡುತ್ತಾರೆ, ತಲೆಯನ್ನು ಗೋಡೆಗೆ ಒತ್ತುತ್ತಾರೆ. ಮಾತ್ರೆ ಕರಗುವಷ್ಟರಲ್ಲಿ ಸರದಿ ಮುಗಿದಿರುವುದರಿಂದ ಸಾಮಾನ್ಯ ನೋವಿನ ಮಾತ್ರೆ ಕೆಲಸಕ್ಕೆ ಬಾರದು. ಮಾಸ್ಕ್ ಮೂಲಕ ನಿಮಿಷಕ್ಕೆ 12ರಿಂದ 15 ಲೀಟರ್ ಶುದ್ಧ ಆಮ್ಲಜನಕ ಅಥವಾ ಸುಮಾಟ್ರಿಪ್ಟಾನ್ ಚುಚ್ಚುಮದ್ದು ನೆರವಾಗುತ್ತದೆ. ಮತ್ತೆ ಬರದಂತೆ ತಡೆಯಲು ವೆರಾಪಮಿಲ್ ಕೊಡುವಾಗ ಇಸಿಜಿ ನೋಡುತ್ತಿರಬೇಕು. ನರರೋಗ ತಜ್ಞರನ್ನೇ ಕಾಣಬೇಕಾದ ತಲೆನೋವಿದು.

ರಕ್ತದೊತ್ತಡದ ಬಗ್ಗೆ ಒಂದು ಮಾತು: 150, 160ರ ಆಸುಪಾಸಿನ ಬಿಪಿ ಸಾಮಾನ್ಯವಾಗಿ ತಲೆನೋವು ತರುವುದಿಲ್ಲ. ತಲೆ ನೋಯುತ್ತಿಲ್ಲ, ಹಾಗಾಗಿ ಬಿಪಿ ಸರಿಯಿದೆ ಎಂದು ಮಾತ್ರೆ ಬಿಡುವವರು ಇದನ್ನು ತಿಳಿದಿರಬೇಕು.

ನಿತ್ಯದ ನೋವು: ಮಾತ್ರೆಯೇ ಮೂಲವಾದಾಗ

ಮೊದಲು ತಿಂಗಳಿಗೊಮ್ಮೆ ಬರುತ್ತಿತ್ತು, ಆಮೇಲೆ ವಾರಕ್ಕೊಮ್ಮೆ, ಈಗ ಬೆಳಗ್ಗೆ ಏಳುವಾಗಲೇ ತಲೆ ಭಾರ, ಮಾತ್ರೆ ನುಂಗಿದರೆ ಮಧ್ಯಾಹ್ನದವರೆಗೆ ನಡೆಯುತ್ತದೆ, ಸಂಜೆಗೆ ಇನ್ನೊಂದು ಬೇಕು. ಈ ವಿವರಣೆ ಕೇಳಿದರೆ ಹೊಸ ಮಾತ್ರೆ ಹುಡುಕುವುದನ್ನು ನಿಲ್ಲಿಸಿ ಹಳೆಯದನ್ನು ಎಣಿಸಬೇಕು. ತಿಂಗಳಲ್ಲಿ 15 ಅಥವಾ ಹೆಚ್ಚು ದಿನ ತಲೆನೋವಿದ್ದು, ಮೂರು ತಿಂಗಳಿಗೂ ಮೀರಿ, ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್‌ನಂಥ ಸರಳ ಮಾತ್ರೆಯನ್ನು ತಿಂಗಳಿಗೆ 15 ದಿನ, ಅಥವಾ ಟ್ರಿಪ್ಟಾನ್, ಎರ್ಗೊಟಮೈನ್ ಎಂಬ ಹಳೆಯ ಮೈಗ್ರೇನ್ ಔಷಧಿ, ಟ್ರಾಮಡಾಲ್ ಎಂಬ ಪ್ರಬಲ ನೋವಿನ ಮಾತ್ರೆ, ಹಲವು ಔಷಧಿ ಬೆರೆಸಿದ ಮಾತ್ರೆಗಳನ್ನು 10 ದಿನ ನುಂಗುತ್ತಿದ್ದರೆ, ಅತಿಬಳಕೆಯ ತಲೆನೋವು ಎಂಬ ಬಗೆಗೆ ಅದು ಸೇರುತ್ತದೆ. ಇಲ್ಲಿ ಲೆಕ್ಕ ದಿನಗಳದ್ದು, ಮಾತ್ರೆಗಳದ್ದಲ್ಲ: ದಿನಕ್ಕೆ ಅರ್ಧ ಮಾತ್ರೆಯಾದರೂ ಅದು ಒಂದು ದಿನವೇ.

ನಮ್ಮ ಊರುಗಳಲ್ಲಿ ಈ ದೋಷ ಬೆಳೆಯಲು ಅನುಕೂಲವಿದೆ. ಮೆಡಿಕಲ್ ಶಾಪಿನಲ್ಲಿ ತಲೆನೋವು ಎಂದರೆ ಚೀಟಿ ಕೇಳದೆ ಕೊಡುವ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್, ಕೆಫೀನ್ ಮತ್ತಿತರ ಔಷಧಿಗಳು ಕೂಡಿರುವುದುಂಟು. ಕೊಂಡವರಿಗೆ ತಾವು ಒಂದು ಮಾತ್ರೆ ನುಂಗುತ್ತಿದ್ದೇವೆ ಎನ್ನಿಸುತ್ತದೆ. ಮನೆಗೆ ಹೋಗಿ ಸ್ಟ್ರಿಪ್ ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರಗಳಲ್ಲಿರುವ ಹೆಸರುಗಳನ್ನು ಓದಿ. ಜ್ವರಕ್ಕೆಂದು ನುಂಗಿದ ಮಾತ್ರೆಯಲ್ಲೂ, ಮೈಕೈ ನೋವಿನ ಮಾತ್ರೆಯಲ್ಲೂ, ನೆಗಡಿಯ ಮಾತ್ರೆಯಲ್ಲೂ ಪ್ಯಾರಸಿಟಮಾಲ್ ಇರುವುದು ಆಗ ಕಾಣುತ್ತದೆ. ಎಲ್ಲ ಸೇರಿ ದಿನಕ್ಕೆ 4 ಗ್ರಾಂ ದಾಟಿದರೆ ಯಕೃತ್ತಿಗೆ ಅಪಾಯ, ಕುಡಿತವಿರುವವರಿಗೆ ಮತ್ತು ಯಕೃತ್ತು ಕೆಟ್ಟವರಿಗೆ ಅದಕ್ಕಿಂತ ಕಡಿಮೆಯಲ್ಲೇ.

ಇದಕ್ಕೆ ಚಿಕಿತ್ಸೆಯೆಂದರೆ ಅತಿಯಾಗಿ ನುಂಗುತ್ತಿರುವ ಮಾತ್ರೆಯನ್ನು ನಿಲ್ಲಿಸುವುದು. ಸರಳ ನೋವಿನ ಮಾತ್ರೆ ಮತ್ತು ಟ್ರಿಪ್ಟಾನ್‌ಗಳನ್ನು ಒಮ್ಮೆಲೇ ಬಿಡಬಹುದು. ಟ್ರಾಮಡಾಲ್‌ನಂಥವನ್ನು ವೈದ್ಯರ ನಿಗಾದಲ್ಲಿ ಮೆಲ್ಲಗೆ ಇಳಿಸಬೇಕು. ಬಿಟ್ಟ ಮೇಲೆ 2ರಿಂದ 10 ದಿನ ತಲೆನೋವು ಹೆಚ್ಚಾಗುತ್ತದೆ, ವಾಕರಿಕೆ ಬರುತ್ತದೆ, ನಿದ್ದೆ ಕೆಡುತ್ತದೆ. ಈ ದಿನಗಳು ಬರುತ್ತವೆಂದು ಮನೆಯವರಿಗೂ ಗೊತ್ತಿರಬೇಕು, ಅಡುಗೆ, ಮಕ್ಕಳ ಜವಾಬ್ದಾರಿಯನ್ನು ಬೇರೆಯವರು ಹೊರಬೇಕು. ನೋವಿನಿಂದ ನರಳುವವಳೇ ಎದ್ದು ಒಲೆ ಹಚ್ಚಬೇಕಾದ ಮನೆಯಲ್ಲಿ ಮಾತ್ರೆ ಬಿಡುವುದು ಆಗದ ಮಾತು. ತಡೆಗಟ್ಟುವ ಔಷಧಿಯನ್ನು ವೈದ್ಯರು ಜೊತೆಯಲ್ಲೇ ಆರಂಭಿಸಿದರೆ ದಾರಿ ಸುಲಭವಾಗುತ್ತದೆ, ಎರಡು ತಿಂಗಳ ಹೊತ್ತಿಗೆ ಅನೇಕರ ನೋವಿನ ದಿನಗಳು ಗಣನೀಯವಾಗಿ ಇಳಿದಿರುತ್ತವೆ.

ವೈದ್ಯರ ಬಳಿ ಹೋಗುವ ಮುನ್ನ

ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಸಾಕು, ಬೇರೆ ಪುಸ್ತಕ ಬೇಡ. ತಲೆನೋವು ಬಂದ ದಿನದ ಚೌಕದಲ್ಲಿ ಒಂದು ಅಡ್ಡಗೆರೆ, ಮಾತ್ರೆ ನುಂಗಿದರೆ ಅದರ ಮೇಲೊಂದು ಚುಕ್ಕೆ, ವಾಂತಿಯಾದರೆ ವಾ, ಮುಟ್ಟಾದ ದಿನ ಮು; ಶುರುವಾದ ಹೊತ್ತು ಮತ್ತು ಇಳಿದ ಹೊತ್ತನ್ನು ಮೂಲೆಯಲ್ಲಿ ಬರೆಯಬೇಕು. ಇಂಥ ಎರಡು ತಿಂಗಳ ಹಾಳೆಗಳು ಹೇಳುವಷ್ಟನ್ನು ಹತ್ತು ನಿಮಿಷದ ನೆನಪಿನ ಮಾತು ಹೇಳಲಾರದು. ತಿಂಗಳಾಂತ್ಯಕ್ಕೆ ಹತ್ತಕ್ಕಿಂತ ಹೆಚ್ಚು ಚುಕ್ಕೆ ಕಂಡರೆ ಹಿಂದಿನ ಭಾಗವನ್ನು ಮತ್ತೊಮ್ಮೆ ಓದಿ.

ಹೋಗುವಾಗ ಈ ಹಾಳೆಗಳನ್ನೂ, ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಒಯ್ಯಿರಿ. ಬಿಪಿ ನೋಡಿದರೇ, ಕಣ್ಣಿನೊಳಗೆ ದೀಪ ಬಿಟ್ಟು ದೃಷ್ಟಿನರದ ಬುಡ ಊದಿದೆಯೇ ಎಂದು ಪರೀಕ್ಷಿಸಿದರೇ ಎಂದು ಗಮನಿಸಿ. ಮಲಗಿದಾಗ, ಕೆಮ್ಮಿದಾಗ, ಬಗ್ಗಿದಾಗ ಹೆಚ್ಚಾಗುವ ನೋವು, ಆಗಾಗ ಕ್ಷಣಕಾಲ ಕಣ್ಣು ಕತ್ತಲಿಡುವುದು ಇದ್ದರೆ ತಲೆಯೊಳಗಿನ ಒತ್ತಡ ಏರಿದೆಯೇ ಎಂದು ತಿಳಿಯಲು ಆ ಪರೀಕ್ಷೆ ಬೇಕೇಬೇಕು, ಸ್ಕ್ಯಾನ್ ಕೂಡ ಬೇಕಾಗುತ್ತದೆ. ಮೈಗ್ರೇನಿನ ಲಕ್ಷಣಗಳು ಸ್ಪಷ್ಟವಾಗಿದ್ದು, ವರ್ಷಗಳಿಂದ ಒಂದೇ ರೀತಿಯಿದ್ದು, ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಸ್ಕ್ಯಾನ್ ಬೇಡ ಎನ್ನುವ ವೈದ್ಯರು ಸರಿಯಾದ ಮಾತನ್ನೇ ಹೇಳುತ್ತಿದ್ದಾರೆ; ಆ ಹಣವನ್ನು ತಡೆಗಟ್ಟುವ ಔಷಧಿಗೂ ಮುಂದಿನ ಭೇಟಿಗೂ ಇಟ್ಟುಕೊಳ್ಳಿ. ಹಳೆಯ ತಲೆನೋವಿನ ಸ್ವರೂಪ ಬದಲಾದರೆ ಮಾತ್ರ ಈ ಕೈಪಿಡಿಯ ಮೊದಲ ತಪಾಸಣೆಯಿಂದ ಮತ್ತೆ ಆರಂಭಿಸಬೇಕು.